ಕಣ ಒಂದೇ, ಒಕ್ಕುವವರು ಇಬ್ಬರು

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದರಿಂದ ಆದ ಲಾಭ ಇದೊಂದೇ: ಬೇರೆಯವರನ್ನು ಅನುಮಾನಿಸಿ ಸಾಕಾಗಿ ಈಗ ನನ್ನನ್ನೇ ಅನುಮಾನಿಸುತ್ತೇನೆ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಎಂಬಲ್ಲಿಂದ ಶುರುವಾದದ್ದು ಸಂಜೆಯೊಳಗೆ ನನ್ನ ಬಾಲ್ಯದವರೆಗೂ ಹೋಗಿ ಬರುತ್ತದೆ. ಹಾಗಾಗಿ ದೊಡ್ಡಮ್ಮ ವಿಮಾನ ಹತ್ತಿದ ಕಥೆಯನ್ನು ನೆನಪು ಪೂರ್ತಿ ಕೈಕೊಡುವ ಮೊದಲು ಬರೆದಿಡುತ್ತಿದ್ದೇನೆ.

ದೊಡ್ಡಮ್ಮನದು ಬುಕ್ಕಾಪಟ್ಟಣದ ಹತ್ತಿರದ ಹಳ್ಳಿ. ಕುರಿ ಮೇಯಿಸುತ್ತಲೇ ಆಯುಷ್ಯ ಕಳೆದವಳು. ಕುರುಚಲು ಬಯಲಲ್ಲಿ ಕುರಿ ಬಿಟ್ಟು ಕೂತಾಗ, ತಲೆಯ ಮೇಲೆ ಹಾದುಹೋಗುವ ಒಂದೊಂದು ವಿಮಾನವನ್ನೂ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳಂತೆ. ಅಲ್ಲಿಂದ ನಮ್ಮ ಸೀಮೆ ಹೇಗೆ ಕಾಣುತ್ತದೆಂದು ಒಮ್ಮೆ ನೋಡಬೇಕು ಎನ್ನುವುದೊಂದೇ ಅವಳ ಆಸೆ.

ಕಳೆದ ವರ್ಷ ನನ್ನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ರಾಜ್ಯದ ಉತ್ತರದ ತುದಿಗೆ ಇಬ್ಬರೂ ರೈಲಿನಲ್ಲಿ ಹೋಗಿದ್ದೆವು. ಬರುವಾಗ ಬೆಂಗಳೂರಿನವರೆಗೆ ವಿಮಾನ ಎಂದೆ.

"ಹಗಲೊತ್ತಿಂದೇ ನೋಡ್ಲಾ. ಇದೊಂದ್ಸಲ. ಆಮ್ಯಾಕೆ ನನ್ ಮಂಡಿ ಎಲ್ಲಿಗೂ ಬರಕಿಲ್ಲ" ಎಂದಳು.

ನಾನು ನಕ್ಷೆ ಹರವಿಕೊಂಡು ಕೂತೆ. ನಮ್ಮ ಸೀಮೆಯ ಪಾವಗಡ, ಮಧುಗಿರಿ, ಶಿರಾ ಮೂರೂ ವಿಮಾನದ ದಾರಿಯಿಂದ ಪಶ್ಚಿಮಕ್ಕೆ ಬೀಳುತ್ತವೆ. ಪಶ್ಚಿಮವೆಂದರೆ ನಕ್ಷೆಯ ಎಡಗಡೆ. ಆದ್ದರಿಂದ ಎಡಗಡೆಯ ಕಿಟಕಿ ಸೀಟು. ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅನುಮಾನಿಸುವುದೇ ಮರೆತುಹೋಯಿತು.

ತಂಗಿಯ ಊರಿನ ವಿಮಾನ ನಿಲ್ದಾಣಕ್ಕೆ ಸ್ವಂತದ ರನ್‌ವೇ ಇಲ್ಲ. ವಾಯುಪಡೆಯ ರನ್‌ವೇಗೆ ಅಂಟಿಕೊಂಡಂತೆ ಒಂದು ಪುಟ್ಟ ಕಟ್ಟಡ, ಅಷ್ಟೆ. ಮೂರು ಗಂಟೆಗೆ ಹೊರಡಬೇಕಾದ ನಮ್ಮ ವಿಮಾನ ಹೊರಡಲಿಲ್ಲ. ವಾಯುಪಡೆಯ ತರಬೇತಿ ವಿಮಾನಗಳು ಏರುತ್ತಿದ್ದವು, ಸುತ್ತು ಹಾಕಿ ಇಳಿಯುತ್ತಿದ್ದವು, ಮತ್ತೆ ಏರುತ್ತಿದ್ದವು. ಇನ್ನು ತಡವಾದರೆ ನಮ್ಮ ಸೀಮೆ ಬರುವ ಹೊತ್ತಿಗೆ ಕತ್ತಲಾಗುತ್ತದೆ. ನಾನು ಕೌಂಟರಿಗೂ ಗಡಿಯಾರಕ್ಕೂ ನಡುವೆ ಓಡಾಡತೊಡಗಿದೆ.

"ಯಾಕ್ಲಾ ಬೆಂಕಿ ತುಳ್ದೋನಂಗೆ ಆಡ್ತೀಯ?" ಎಂದಳು ದೊಡ್ಡಮ್ಮ. "ಕಣ ಒಂದೇ, ಒಕ್ಕೋರು ಇಬ್ರು. ಅವ್ರು ರಾಶಿ ಎತ್ತೋಗಂಟ ನಾವ್ ಹೆಂಗ್ಲಾ ಹಾಕದು?"

ಅವಳ ಊರಿನಲ್ಲಿ ಎರಡು ಮನೆಗಳಿಗೆ ಒಂದೇ ಕಣ. ಮೊದಲು ತೆನೆ ಹಾಸಿದವರು ಒಕ್ಕಿ, ತೂರಿ, ರಾಶಿ ಎತ್ತುವವರೆಗೆ ಇನ್ನೊಬ್ಬರು ಕಂತೆಗಳನ್ನು ಪಕ್ಕದಲ್ಲಿಟ್ಟುಕೊಂಡು ಮರದ ನೆರಳಲ್ಲಿ ಕೂತಿರಬೇಕು. ಅವಸರಪಡಿಸುವಂತಿಲ್ಲ. ಕಣ ಸಿಗದವರು ಟಾರು ರಸ್ತೆಗೇ ಹುರುಳಿ ಹಾಸುತ್ತಾರೆ, ಲಾರಿಗಳು ಪುಕ್ಕಟೆ ಒಕ್ಕಿಕೊಡುತ್ತವೆ. ಆದ್ದರಿಂದ ಗಾಜಿನಾಚೆಗಿನ ರನ್‌ವೇ ನೋಡಿ ಅವಳಿಗೆ ಸಂಕಟವಾಯಿತು.

"ಇಷ್ಟುದ್ದ ಟಾರು! ಒಂದ್ ಕಂತೆ ಹುಳ್ಳಿ ಹಾಕಿಲ್ವಲ್ಲ, ದಂಡ!"

ಪಕ್ಕದಲ್ಲಿ ಕೂತಿದ್ದ ದಪ್ಪ ಮೀಸೆಯವರು ಗೊಳ್ಳನೆ ನಕ್ಕರು. ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿ ಅವರ ಕೈಗೆ ಸುರಿದಳು. "ತಿನ್ನು ಮಗಾ. ಆ ಇಮಾನ ಓಡ್ಸೋನು ನೀನೇನಾ?"

"ಇಲ್ರಿ ಅವ್ವಾ, ನಾ ಅವನ್ನ ರಿಪೇರಿ ಮಾಡಾಂವ. ರಜಾ ಮ್ಯಾಲೆ ಹೊಂಟೀನ್ರಿ."

ಅಂತೂ ಐದು ಗಂಟೆಗೆ ವಿಮಾನದೊಳಗೆ ಕೂತೆವು. ಗಗನಸಖಿ ಬಂದು, ಇದು ಸೇನೆಯ ಜಾಗ, ಮೇಲೇರುವವರೆಗೆ ಕಿಟಕಿಯ ಪರದೆ ಇಳಿಸಿರಬೇಕು, ಫೋಟೊ ತೆಗೆಯಬಾರದು ಎಂದಳು. ನಾನು ಹೆದರಿ ಫೋನನ್ನು ಚೀಲದ ತಳಕ್ಕೆ ತಳ್ಳಿದೆ.

"ಇದೇನ್ಲಾ, ಧಾರೆ ಹೊತ್ನಾಗೆ ಗಂಡು ಹೆಣ್ಣಿನ ಮಧ್ಯೆ ಅಡ್ಡ ಹಿಡ್ದಂಗೆ ಹಿಡ್ದವ್ರೆ!" ಎಂದು ಗೊಣಗಿದರೂ ಅವಳು ಮದುವಣಗಿತ್ತಿಯಷ್ಟೇ ಶಿಸ್ತಾಗಿ ಕೂತಳು.

ಕೊನೆಗೆ ಪರದೆ ಎತ್ತಬಹುದೆಂದರು. ದೊಡ್ಡಮ್ಮ ಕಿಟಕಿಗೆ ಹಣೆ ಒತ್ತಿ ಒಂದು ನಿಮಿಷ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಲೇ, ಹೊತ್ತು ಆ ಕಡೀಕೆ ಇಳೀತಾ ಐತೆ. ನಮ್ಮೂರೂ ಆ ಕಡೀಕೇ ಕಣ್ಲಾ. ಈ ಕಡೀಕೆ ಬರೀ ಆಂಧ್ರ!"

ನಕ್ಷೆ ಯಾವಾಗಲೂ ಉತ್ತರಕ್ಕೆ ತಲೆಯಿಟ್ಟಿರುತ್ತದೆ. ದಕ್ಷಿಣಕ್ಕೆ ಹೊರಟ ವಿಮಾನ ಹಾಗಿರುವುದಿಲ್ಲ. ಇಷ್ಟು ತಿಳಿಯಲು ನನಗೆ ಎರಡು ಪದವಿ ಸಾಲಲಿಲ್ಲ, ಅವಳಿಗೆ ಸೂರ್ಯನೊಬ್ಬ ಸಾಕಾದ. ಅವಳ ಜೀವಮಾನದ ಒಂದೇ ಆಸೆಯನ್ನು ನಾನು ಲೆಕ್ಕ ಹಾಕಿ ಹಾಳುಮಾಡಿದ್ದೆ. ತಲೆ ತಗ್ಗಿಸಿ ಕೂತಿದ್ದಾಗ ಆಚೆ ಸಾಲಿನಿಂದ ಮೀಸೆಯವರು ಎದ್ದು ನಿಂತರು.

"ಬರ್ರಿ ಅವ್ವಾ, ನನ್ನ ಕಿಟಕಿ ಕಡೆ ಕುಂದರ್ರಿ."

ಅವರು ಬಂದು ನನ್ನ ಪಕ್ಕ ಕೂತು ಆಂಧ್ರ ನೋಡಿದರು. ಬಹಳ ಹೊತ್ತಿನ ಮೇಲೆ ಆಚೆಯಿಂದ ಕೂಗು ಬಂತು: "ಪಾವಗಡದಾಗೆ ಇಷ್ಟ್ ದೊಡ್ ಕೆರೆ ಯಾವಾಗ್ಲಾ ಕಟ್ಟಿದ್ರು?"

"ಅದು ಕೆರೆ ಅಲ್ಲ ದೊಡ್ಡಮ್ಮ, ಸೋಲಾರ್ ಹಲಗೆಗಳು!"

"ಬುಡು ಅತ್ಲಾಗೆ, ಹೊಳೀತಾ ಐತಲ್ಲ!" ಸ್ವಲ್ಪ ಹೊತ್ತಿಗೆ ಇನ್ನೂ ಜೋರಾಗಿ: "ಅಗೋ ಮದ್ಗಿರಿ ಬೆಟ್ಟ! ಅಗೋ!"

ನಾನು ಕತ್ತು ಚಾಚಿದೆ. ನನಗೆ ಕಂಡದ್ದು ಅವಳ ತುರುಬು ಮತ್ತು ಅದರ ಸುತ್ತ ಕೆಂಪು ಬೆಳಕು. ಬೆಟ್ಟವೋ ಮೋಡವೋ, ದೇವರೇ ಬಲ್ಲ.

ಊರಲ್ಲಿ ಅವಳೀಗ ಹೇಳುವ ಕಥೆಯೇ ಬೇರೆ. "ನನ್ ಮಗ ಲೆಕ್ಕ ಹಾಕಿ ಸರ್ಯಾದ್ ಕಿಟಕೀಗೇ ಕುಂಡ್ರಿಸ್ದ. ಓದ್ದೋರು ಅಂದ್ರೆ ಅಂಗಿರ್ಬೇಕು!" ಮೊದಲ ಸಲ ಕೇಳಿದಾಗ ತಿದ್ದಲು ಹೋದೆ. "ಸುಮ್ಕಿರ್ಲಾ, ನಿಂಗೆ ನೆಪ್ಪಿರಾಕಿಲ್ಲ" ಎಂದಳು. ಅದು ನಿಜವೇ ಆದ್ದರಿಂದ ವಾದಿಸಲಾಗಲಿಲ್ಲ. ಮೂರನೆಯ ಸಲ ಕೇಳುವ ಹೊತ್ತಿಗೆ ನನಗೂ ಆ ಬೆಟ್ಟ ಕಾಣತೊಡಗಿತ್ತು: ಬೋಳು ಬಂಡೆ, ಕೆಂಪು ಬಿಸಿಲು, ಬುಡದಲ್ಲೊಂದು ಕುರಿಮಂದೆ.

ನಡೆದದ್ದೇನು ಎಂಬ ನನ್ನ ಕಂತೆ ನನ್ನ ಬಳಿ ಭದ್ರವಾಗಿದೆ. ಆದರೆ ಸದ್ಯ ಕಣದಲ್ಲಿರುವುದು ದೊಡ್ಡಮ್ಮನ ರಾಶಿ. ಅವಳಿಗೆ ಅದನ್ನು ಎತ್ತುವ ಅವಸರವಿಲ್ಲ. ನಾನೂ ನೆರಳು ಹಿಡಿದು ಕೂತಿದ್ದೇನೆ, ಕಡಲೆಕಾಯಿ ತಿನ್ನುತ್ತಾ.