ಮೊಲಗಳ ಆಷಾಢ

ನಮ್ಮಕ್ಕನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಆ ಹಟದ ಮೇಲೆ ನನಗೆ ಅಪಾರ ಗೌರವ. ಹೊಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುವ ಅವಳು ಕೆಲಮಂಗಲದ ಸಂತೆಯಿಂದ ಎರಡು ಮೊಲ ತಂದಳು. ಎರಡೂ ಹೆಣ್ಣೆಂದು ಮಾರಿದವನು ಹೇಳಿದ್ದ. ಕೆಲವೇ ತಿಂಗಳಲ್ಲಿ ಮನೆ ತುಂಬ ಮರಿಗಳು; ಕೇಳಿದವರಿಗೆಲ್ಲ ಹಂಚಿದೆವು.

ಹೆತ್ತು ಹೆತ್ತು ಹೆಣ್ಣು ಮೊಲ ಸೊರಗಿತು. ಕಡೆಯ ಸಲವಂತೂ ಹೋಗಿಯೇ ಬಿಟ್ಟಿತು ಅಂದುಕೊಂಡೆವು. ಅಮ್ಮ ಅದನ್ನು ದಿನವಿಡೀ ಮಡಿಲಲ್ಲಿಟ್ಟುಕೊಂಡು, ಹತ್ತಿ ಅದ್ದಿ ಬಾಯಿಗೆ ನೀರು ಹಿಂಡಿದಳು. ಇನ್ನೊಂದು ಬಸಿರಾದರೆ ಇದು ಉಳಿಯದು ಎಂದರು ಕೃಷ್ಣಗಿರಿಯ ಪಶುವೈದ್ಯರು. ಅವರಿಂದಲೇ ಗಂಡಿಗೆ ಆಪರೇಷನ್ ಮಾಡಿಸಿದೆವು. ಆದರೂ ಒಂದೂವರೆ ತಿಂಗಳು ಜೊತೆಗೆ ಬಿಡಬೇಡಿ, ಅಲ್ಲಿಯವರೆಗೆ ಗಂಡಿನಿಂದ ಬಸಿರಾಗಬಹುದು ಎಂದು ಎಚ್ಚರಿಸಿದರು.

ಅಮ್ಮನಿಗೆ ಇದು ಸರಿಬರಲಿಲ್ಲ. "ಗಂಡ ಹೆಂಡ್ತಿನ ಅಗಲ್ಸಬಾರ್ದು ಕಣೆ," ಎಂದಳು.

ಅಕ್ಕ ವಾದಕ್ಕೆ ನಿಲ್ಲಲಿಲ್ಲ. "ಆಷಾಢ ಅಲ್ವೇನಮ್ಮ? ಹೊಸ ಹೆಣ್ಣು ತವರಿಗೆ ಹೋಗವ್ಳೆ ಅನ್ಕೊ."

ಅಮ್ಮ ನಕ್ಕು ಒಪ್ಪಿದಳು. ಹಜಾರಕ್ಕೆ ಅಡ್ಡಲಾಗಿ ತಂತಿಬಲೆ ಬಂತು. ಅಕ್ಕ ಎರಡಕ್ಕೂ ಬಲೆಯ ಪಕ್ಕದಲ್ಲೇ ಹುಲ್ಲು ಹಾಕುತ್ತಿದ್ದಳು. ಒಂದರ ವಾಸನೆ ಇನ್ನೊಂದಕ್ಕೆ ಮರೆತುಹೋದರೆ ಆಮೇಲೆ ಕಚ್ಚಾಡುತ್ತವಂತೆ. ಶಾಲೆಯಲ್ಲಿ ಗಂಟಲು ಹರಿದುಕೊಂಡು ಬಂದವಳು ಮೊದಲು ಅವುಗಳ ಮುಂದೆ ಕೂರುವುದನ್ನು ನೋಡಿದರೆ ನನಗೆ ಹೆಮ್ಮೆಯೆನಿಸುತ್ತಿತ್ತು.

ಎಡವಟ್ಟಾಗಿದ್ದು ಲೆಕ್ಕದಲ್ಲಿ. ನಮ್ಮ ಆಷಾಢ ಅಮಾವಾಸ್ಯೆಗೆ ಮುಗಿಯುತ್ತದೆ. ತಮಿಳರ ಆಷಾಢವಾದ ಆಡಿ ತಿಂಗಳು ಅದಾದ ಮೇಲೂ ನಡೆದಿರುತ್ತದೆ. ಶಾಲೆಯ ತಮಿಳು ಕ್ಯಾಲೆಂಡರ್ ನೋಡುವ ಅಕ್ಕನ ಮನಸ್ಸಿನಲ್ಲಿದ್ದದ್ದು ವೈದ್ಯರ ಒಂದೂವರೆ ತಿಂಗಳು ತುಂಬುವ ಆಡಿಯ ಕೊನೆ. ಅಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಶ್ರಾವಣದ ಮೊದಲ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಎರಡಕ್ಕೂ ಕುಂಕುಮವಿಟ್ಟು ಬಲೆ ಬಿಚ್ಚಿಬಿಟ್ಟಳು.

ಸಂಜೆ ಅಕ್ಕ ಬಂದು ನೋಡಿದರೆ ಎರಡೂ ಒಂದೇ ಮೂಲೆಯಲ್ಲಿ. ನಾನಾಗಿದ್ದರೆ ಕೂಗಾಡುತ್ತಿದ್ದೆ. ಅವಳು ಹೆಣ್ಣನ್ನು ಎತ್ತಿ ಅಮ್ಮನ ಮಡಿಲಿಗಿಟ್ಟು, "ಈಗ ಬಸ್ರಾಗಿದ್ರೆ ಇದು ಸತ್ತೋಯ್ತದೆ ಅಮ್ಮ," ಎಂದಳಷ್ಟೆ. ಅಮ್ಮನ ಮುಖ ಕಳೆಗುಂದಿತು. ಬಲೆಯನ್ನು ಮತ್ತೆ ಕಟ್ಟಿದ್ದು ಅಮ್ಮನೇ.

ಆಮೇಲಿನ ದಿನಗಳಲ್ಲಿ ಯಾರಿಗೂ ಊಟ ಸೇರಲಿಲ್ಲ. ವೈದ್ಯರು ಹೊಟ್ಟೆ ಮುಟ್ಟಿ ನೋಡಿ "ಏನೂ ಇಲ್ಲ" ಎಂದಾಗ ಅಮ್ಮ ಆಸ್ಪತ್ರೆಯಲ್ಲೇ ಅತ್ತುಬಿಟ್ಟಳು.

ಆಡಿ ಮುಗಿಯಿತು. ಇನ್ನು ಭಯವಿಲ್ಲ ಎಂದು ಅಕ್ಕ ಬಲೆ ಬಿಚ್ಚಲು ಕೂತಳು. ಅಮ್ಮ ಬಂದು ಅವಳ ಕೈ ಹಿಡಿದಳು.

"ಇರ್ಲಿ ಬುಡೆ, ಇನ್ನೊಂದ್ ವಾರ ಹೋಗ್ಲಿ. ಇದು ಬದ್ಕಿದ್ರೆ ಸಾಕು ನಂಗೆ."