ಟೆಟ್ಟಾಳ ಸೊಂಟಕ್ಕೆ ಬೀಗದ ಕೈ

ಟೆಟ್ಟಾ ಹುಟ್ಟಿದ್ದು ಎಲ್ಲಿ ಎಂದು ಅವಳಿಗೇ ಗೊತ್ತಿರಲಿಲ್ಲ. ಪಡುವಣದ ಯಾವುದೋ ಕಾಳಗದಲ್ಲಿ ಸೆರೆಸಿಕ್ಕ ಹುಡುಗಿ. ನನ್ನ ಮಾವ ಓಸ್ಲಾಫ್ ಕೆಂಟ್ ನಾಡಿನ ಈ ಊರಿಗೆ ತಂದಾಗ ಅವಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲವಂತೆ. ಆಮೇಲೆ ನಲವತ್ತು ವರ್ಷ ಮಗ್ಗ, ಒಲೆ, ಬಾಣಂತನ ಎಲ್ಲ ಅವಳದೇ. ಅತ್ತೆ ರಿಕುಲಾಳ ಕಾಲು ಮುರಿದ ಮೇಲೆ ಕಣಜದ ಬೀಗದ ಕೈಯೂ ಟೆಟ್ಟಾಳ ಸೊಂಟಕ್ಕೆ ಬಂತು. ನಾನೋ, ಕಡಲಾಚೆಯ ಪಟ್ಟಣದಲ್ಲಿ ಓದು ಕಲಿತು ಬಂದ ಸೊಸೆ, ಹಿಟ್ಟು ನಾದಲೂ ಬಾರದವಳು. ನನ್ನ ಮಗು ಹುನಾ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಾಗ ಕೈಹಾಕಿ ತಿರುಗಿಸಿ ಇಬ್ಬರನ್ನೂ ಉಳಿಸಿದವಳು ಅವಳು.

ಅಂಥವಳು ಸತ್ತಾಗ ಅತ್ತೆ ಮಾಡಿದ್ದೇನು? ನಾನು ಹೆಣಕ್ಕೆ ಉಡಿಸುತ್ತಿದ್ದಂತೆಯೇ ಟೆಟ್ಟಾಳ ಸೊಂಟದ ಬೀಗದ ಕೈ ಬಿಚ್ಚಿಕೊಂಡಳು.

"ಅತ್ತೆ, ಅದು ಅವಳ ಜೊತೆಗೇ ಹೋಗಲಿ."

"ತಲೆ ಕೆಟ್ಟಿದೆಯೇನೇ? ಬೀಗದ ಕೈ ಇಟ್ಟು ಹೂತರೆ ಮನೆಯೊಡತಿ ಅಂತ ಲೆಕ್ಕ. ಊರೆಲ್ಲ ಗುಂಡಿಗೆ ಬಗ್ಗಿ ನೋಡುತ್ತೆ. ನಾನೇನು ಸತ್ತಿದ್ದೀನಾ?"

"ಮನೆ ನಡೆಸಿದ್ದು ಯಾರು?"

"ಕತ್ತೆ ಹೊರೆ ಹೊತ್ತಿತು ಅಂತ ಅದನ್ನ ಪಟ್ಟಕ್ಕೆ ಕೂರಿಸ್ತಾರಾ? ಒಂದು ಚಾಕು ಇಡು, ಸಾಕು."

ಭುಜದ ಕಂಚಿನ ಪಿನ್ನುಗಳನ್ನೂ ಕಿತ್ತಳು. ಉಡುಪು ಜಾರಿತು. ಸೂಜಿ ತಂದು ಹೊಲಿದೆ. ಸಿಟ್ಟಿನಲ್ಲಿ ಎರಡು ಸಲ ಬೆರಳಿಗೇ ಚುಚ್ಚಿಕೊಂಡೆ.

ಗುಂಡಿಯ ಸುತ್ತ ಊರು ನಿಂತಿತ್ತು. ನೆರೆಮನೆಯವಳು ಬಗ್ಗಿ ನೋಡಿ, "ಅಯ್ಯೋ, ಬರೀ ಚಾಕುವಾ? ಈರುಳ್ಳಿ ಹೆಚ್ಚೋಕೆ ಕಳಿಸ್ತಿದ್ದೀರಾ?" ಎಂದಳು. ಕೆಲವರು ನಕ್ಕರು.

ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಮಗುವನ್ನು ಗಂಡನ ಕೈಗಿಟ್ಟು, ಮದುವೆಯ ದಿನ ಅವನು ಕಟ್ಟಿದ್ದ ನನ್ನದೇ ಬೀಗದ ಕೈ ಬಿಚ್ಚಿ, ಗುಂಡಿಗಿಳಿದು ಟೆಟ್ಟಾಳ ಸೊಂಟಕ್ಕೆ ಕಟ್ಟಿದೆ.

"ತೆಗಿಯೇ ಅದನ್ನ!" ಅತ್ತೆ ಊರುಗೋಲು ಕುಟ್ಟಿದಳು.

"ನೀವೇ ಇಳಿದು ತೆಗೀರಿ."

ಊರು ಕಂಡ ಮೇಲೆ ಹೆಣದ ಮೇಲಿನದನ್ನು ಮುಟ್ಟುವ ಎದೆ ಯಾರಿಗಿದೆ? ಮಾವ ತಲೆ ತಗ್ಗಿಸಿ ಮಣ್ಣು ಎಳೆದ.

"ಇನ್ನು ಈ ಮನೇಲಿ ನಿನಗೆ ಬೀಗದ ಕೈ ಇಲ್ಲ. ಸತ್ತರೆ ನಿನಗೂ ಚಾಕುವೇ," ಎಂದಳು ಅತ್ತೆ.

ಮಗುವಿನ ಗಂಜಿಯ ಬಾರ್ಲಿಗೂ ಈಗ ಬಟ್ಟಲು ಹಿಡಿದು ಅವಳ ಮುಂದೆ ನಿಲ್ಲುತ್ತೇನೆ. ಅವಳು ಬೇಕೆಂದೇ ತಡಮಾಡುತ್ತಾಳೆ. ಆದರೆ ತೊರೆಯ ಬಳಿ ಹೆಂಗಸರು ಟೆಟ್ಟಾಳನ್ನು ಆಳು ಅನ್ನುವುದನ್ನು ಬಿಟ್ಟಿದ್ದಾರೆ. ಓಸ್ಲಾಫನ ಮನೆಯೊಡತಿ ತೀರಿಹೋದಳು ಅನ್ನುತ್ತಾರೆ, ಅತ್ತೆಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.