ಗಂಟಲುಮಾರಿಗೆ ಎದುರಾದ ಡಾಕ್ಟರಮ್ಮ

ಗಂಗಾವತಿಯ ಮಕ್ಕಳ ಡಾಕ್ಟರಮ್ಮ ಕುರ್ಚಿಯಲ್ಲಿ ಕೂತಿದ್ದನ್ನು ನಾನು ಕಂಡಿದ್ದು ಕಡಿಮೆ. ಕನ್ನಡಕವನ್ನು ತಲೆಯ ಮೇಲೇರಿಸಿ ನಿಂತೇ ಇರುತ್ತಿದ್ದರು. ಯಾರು ಏನು ಕೇಳಿದರೂ "ಕೂಸಿನ್ನ ನೋಡೂಣು, ಆಮ್ಯಾಗ ಮಾತಾಡೂಣು" ಎನ್ನುವರು.

ಕಾರಟಗಿಯಿಂದ ಅಕ್ಕ, ಭಾವನ ಜೊತೆ ಅವರ ಮಗಳನ್ನು ಕರೆದೊಯ್ದಾಗ ಅವಳ ಕುತ್ತಿಗೆ ಊದಿತ್ತು. ಡಾಕ್ಟರಮ್ಮ ಬಾಯಿ ತೆರೆಸಿ ಬ್ಯಾಟರಿ ಬಿಟ್ಟರು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿತ್ತು. ಹತ್ತಿಕಡ್ಡಿಯಿಂದ ಅಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ಗಂಟಲುಮಾರಿ, ಅಂದರೆ ಡಿಫ್ತೀರಿಯಾ. ಜ್ವರ ಬರುತ್ತದೆಂದು ಹೆದರಿ ಭಾವ ಮಗಳಿಗೆ ಲಸಿಕೆ ಹಾಕಿಸಿರಲಿಲ್ಲ.

"ರಿಪೋರ್ಟ್ ಬರೂತನ ಕಾಯೂಣೇನ್ರಿ?" ಎಂದರು ಭಾವ.

"ವಿಷ ಕಾಯಂಗಿಲ್ರಿ. ರೋಗಾಣು ಗಂಟಲಾಗ ಕುಂತಾವ, ಅವು ಬಿಟ್ಟ ವಿಷ ರಕ್ತದಾಗ ಹೊಂಟೈತಿ. ಅಲ್ಲೇ ಹಿಡೀಬೇಕು. ಹೃದಯದ ಜೀವಕೋಶದೊಳಗ ಹೊಕ್ಕರ ನನ್ನ ಕೈಯಾಗಿಲ್ಲ."

ಕೊಪ್ಪಳಕ್ಕೆ ಫೋನ್ ಮಾಡಿ ಪ್ರತಿವಿಷ ತರಿಸಿದರು. ಕುದುರೆಯ ರಕ್ತದಿಂದ ತಯಾರಾದ ಮದ್ದು ಅದು. ಮೊದಲು ಹನಿಯಷ್ಟು ಚುಚ್ಚಿ, ಮೈಗೆ ಒಗ್ಗಿತೆಂದು ಖಾತ್ರಿಯಾದ ಮೇಲೆ ಪೂರ್ತಿ ಏರಿಸಿದರು. ಹುಡುಗಿ ಉಳಿದಳು.

ಮನೆಗೆ ಹೊರಟ ದಿನ ಡಾಕ್ಟರಮ್ಮ ಲಸಿಕೆ ತಂದರು. "ರೋಗ ಬಂದು ಹೋತಲ್ರಿ, ಮತ್ಯಾಕ?" ಎಂದಳು ಅಕ್ಕ.

"ನಾ ಕೊಟ್ಟದ್ದು ಕುದುರಿ ಬಲರಿ, ಸ್ವಲ್ಪ ದಿನದಾಗ ಕರಗತೈತಿ. ರೋಗ ಬಂದು ಹೋದ್ರೂ ಮೈ ಪಾಠ ಕಲ್ತೈತಿ ಅಂತ ನಂಬಾಕ ಬರಂಗಿಲ್ಲ. ಲಸಿಕ್ಯಾಗ ಹಲ್ಲು ಕಿತ್ತ ವಿಷ ಐತಿ. ಅದನ್ನ ನೋಡಿ ಆಕಿ ಮೈ ತಾನ ಕಲೀಲಿ."

ಸೂಜಿ ಕಂಡು ಹುಡುಗಿ ಅತ್ತಳು. ಭಾವ ಅವಳ ಪಕ್ಕ ಕೂತು, ಅಂಗಿಯ ತೋಳು ಮಡಚಿ, "ನನಗೂ ಹಾಕ್ರಿ, ಆಕಿ ನೋಡ್ಲಿ" ಎಂದರು.

ಡಾಕ್ಟರಮ್ಮ ಅವರಿಗೇ ಮೊದಲು ಚುಚ್ಚಿದರು.